ಕನ್ನಡನಾಡಿನ ಕುಂಬಾರ, ಅಕ್ಕಸಾಲೆ, ನೇಕಾರ: ಕರ್ತೃನಾಮದ ಪ್ರಶ್ನೆ

೧

ಕನ್ನಡನಾಡಿನ ಕಲೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ದೇವಾಲಯಗಳ ಮತ್ತು ವಿಗ್ರಹಗಳ ಚರಿತ್ರೆಯೇ ಆಗಿದೆ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಕಲ್ಲು ನಿಂತಲ್ಲೇ ನಿಲ್ಲುತ್ತದೆ. ಅದರ ಮೇಲೆ ಬರೆದ ಅಕ್ಷರವೂ ಅದರೊಡನೆ ಉಳಿಯುತ್ತದೆ. ಆದರೆ ಆ ದೇವಾಲಯಗಳ ಅಂಗಳದಲ್ಲಿ ನಡೆದಾಡಿದ ಜನ ಉಟ್ಟ ಬಟ್ಟೆ, ತೊಟ್ಟ ಒಡವೆ, ಉಂಡ ಮಡಕೆ ಇವುಗಳನ್ನು ಮಾಡಿದವರೂ ಇದೇ ನಾಡಿನಲ್ಲಿ, ಇದೇ ಅರಸರ ಆಳಿಕೆಯಲ್ಲಿ ಬಾಳಿದವರು. ನಮ್ಮ ಕಾಲೇಜಿನ ವಿದ್ಯಾರ್ಥಿಗೆ ಮಲ್ಲಿತಮ್ಮನ ಹೆಸರು ಗೊತ್ತಿದೆ, ದಾಸೋಜನ ಹೆಸರು ಗೊತ್ತಿದೆ; ಆದರೆ ಹೊಯ್ಸಳರ ಕಾಲದ ಒಬ್ಬನೇ ಒಬ್ಬ ಅಕ್ಕಸಾಲೆಯ, ಕುಂಬಾರನ ಅಥವಾ ನೇಕಾರನ ಹೆಸರನ್ನು ಅವನು ಮಾಡಿದ ವಸ್ತುವಿನೊಡನೆ ಸೇರಿಸಿ ಹೇಳು ಎಂದರೆ ಅವನು ಸುಮ್ಮನಾಗುತ್ತಾನೆ. ಉಪಾಧ್ಯಾಯರೂ ಸುಮ್ಮನಾಗಬೇಕಾಗುತ್ತದೆ.

ಈ ಮೌನದಿಂದ ಒಂದು ತಪ್ಪು ನಿರ್ಣಯ ಹುಟ್ಟಿಕೊಂಡಿದೆ. ಹೆಸರುಳ್ಳವನು ಕಲಾವಿದ, ಹೆಸರಿಲ್ಲದವನು ಕುಶಲಕರ್ಮಿ. ಮೊದಲನೆಯವನದು ಪ್ರತಿಭೆ, ಎರಡನೆಯವನದು ಅಭ್ಯಾಸಬಲ ಎಂಬ ವಿಭಾಗವನ್ನು ನಾವು ಅರಿಯದೆಯೇ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ವಿಭಾಗಕ್ಕೆ ಆಧಾರವಿದೆಯೇ, ಕರ್ತೃವಿನ ಹೆಸರು ಒಂದು ಕಡೆ ಉಳಿದು ಇನ್ನೊಂದು ಕಡೆ ಅಳಿದುದಕ್ಕೆ ನಿಜವಾದ ಕಾರಣಗಳೇನು, ಹೆಸರಿಲ್ಲದವರ ಚರಿತ್ರೆಯನ್ನು ಯಾವ ಆಧಾರದಿಂದ ಬರೆಯಬಹುದು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಿಂದ ನಮ್ಮ ಪರಿಶೀಲನೆಯನ್ನು ಆರಂಭಿಸುವುದು ಉಚಿತವಾಗಿದೆ. ಇಲ್ಲಿ, ಇದರ ನೆರೆಯ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರದಲ್ಲಿ ಬಿ. ಎಲ್. ರೈಸರು ೧೮೯೨ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಮಾಡಿದರು. ಕ್ರಿ.ಪೂ. ಮೂರನೆಯ ಶತಮಾನದ ಈ ಶಾಸನಗಳ ಕೊನೆಯಲ್ಲಿ, ಇವನ್ನು ಬರೆದ ಲಿಪಿಕಾರನು ತನ್ನ ಹೆಸರು ಚಪಡ ಎಂದು ತಿಳಿಸಿದ್ದಾನೆ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕನ್ನಡನಾಡಿನ ನೆಲದಲ್ಲಿ ತನ್ನ ಕೈಕೆಲಸಕ್ಕೆ ತನ್ನ ಹೆಸರನ್ನು ಸೇರಿಸಿದವರಲ್ಲಿ ನಮಗೆ ತಿಳಿದ ಅತಿ ಪ್ರಾಚೀನರಲ್ಲಿ ಇವನೊಬ್ಬನು.

ಇದೇ ಸ್ಥಳದಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರು ಉತ್ಖನನ ನಡೆಸಿದರು. ಅವರು ಗುರುತಿಸಿದ ಸಂಸ್ಕೃತಿಸ್ತರಗಳು ಮೂರು: ನಯಗೊಳಿಸಿದ ಕಲ್ಗೊಡಲಿಗಳ ಸಂಸ್ಕೃತಿ, ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ, ಆಮೇಲೆ ಅವರು ಆಂಧ್ರ ಎಂದು ಕರೆದ ಸಂಸ್ಕೃತಿ. ಈ ವಿಂಗಡಣೆಗೆ ಮುಖ್ಯ ಆಧಾರವಾದುದು ಮಡಕೆಚೂರು. ಮೊದಲನೆಯ ಸ್ತರದ ಮಡಕೆಗಳು ಬಹುತೇಕ ಕೈಯಿಂದಲೇ ತಟ್ಟಿ ಮಾಡಿದ ಬೂದುಬಣ್ಣದ ಮಡಕೆಗಳು. ಎರಡನೆಯದರಲ್ಲಿ ನಿಧಾನವಾಗಿ ತಿರುಗುವ ತಿಗುರಿಯ ಬಳಕೆಯೂ, ಮೂರನೆಯದರಲ್ಲಿ ವೇಗವಾಗಿ ತಿರುಗುವ ತಿಗುರಿಯ ಬಳಕೆಯೂ ಕಂಡುಬಂದವು. ವ್ಹೀಲರರು ಮೊದಲ ಸ್ತರವನ್ನು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಹಾಕಿದ್ದರು. ಅನಂತರ ಬಂದ ಇಂಗಾಲ ಕಾಲನಿರ್ಣಯಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನದವರೆಗೆ ಹಿಂದಕ್ಕೆ ಒಯ್ದಿವೆ. ಕಾಲ ಬದಲಾದರೂ ಸ್ತರಗಳ ಅನುಕ್ರಮ ಬದಲಾಗಿಲ್ಲ. ಅಂದರೆ ನಮ್ಮ ಪ್ರಾಗಿತಿಹಾಸದ ಬಹುಭಾಗವು ಕುಂಬಾರನು ಬರೆದಿಟ್ಟ ದಾಖಲೆಯ ಮೇಲೆ ನಿಂತಿದೆ ಎಂದಾಯಿತು.

ಈ ಕುಂಬಾರನ ಜ್ಞಾನ ಎಷ್ಟರಮಟ್ಟಿನದು? ಶಿಲಾಸಮಾಧಿಗಳಲ್ಲಿ ದೊರೆಯುವ ಕಪ್ಪು-ಕೆಂಪು ಮಡಕೆಯನ್ನು ನೋಡಬಹುದು. ಅದರ ಹೊರಮೈ ಕೆಂಪು. ಒಳಮೈ ಮತ್ತು ಬಾಯಂಚು ಕಪ್ಪು. ಇದು ಎರಡು ಬಣ್ಣಗಳನ್ನು ಬಳಿದು ಸಾಧಿಸಿದ ಪರಿಣಾಮವಲ್ಲ. ಮಡಕೆಯನ್ನು ಬೋರಲಾಗಿ ಇಟ್ಟು ಸುಟ್ಟಾಗ ಒಳಕ್ಕೂ ಬಾಯಿಯ ಸುತ್ತಲಿಗೂ ಗಾಳಿ ಸೇರದೆ ಆ ಭಾಗ ಕಪ್ಪಾಗುತ್ತದೆ. ಗಾಳಿ ತಗಲುವ ಹೊರಮೈಯಲ್ಲಿ ಮಣ್ಣಿನ ಕಬ್ಬಿಣಾಂಶ ಕೆಂಪಾಗುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಒಂದೇ ಮಣ್ಣು, ಒಂದೇ ಬೆಂಕಿ. ಗಾಳಿಯ ಹದದಿಂದ ಎರಡು ಬಣ್ಣ. ರಸಾಯನಶಾಸ್ತ್ರದ ಪರಿಭಾಷೆ ಅವನಿಗೆ ಇರಲಿಲ್ಲ, ಆವಿಗೆಯ ಮುಂದೆ ನಿಂತು ಗಳಿಸಿದ ಅರಿವು ಇತ್ತು. ಇಂತಹ ಕೆಲವು ಮಡಕೆಗಳ ಮೇಲೆ ಗೀರಿದ ಗುರುತುಗಳೂ ಇವೆ. ಅವು ಮಾಡಿದವನ ಗುರುತೋ, ಕೊಂಡವನ ಗುರುತೋ, ಕುಲದ ಗುರುತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಕ್ಷರವಿಲ್ಲದವನು ಗುರುತು ಹಾಕಲು ಬಯಸಿದ್ದನೆಂಬುದಷ್ಟೇ ಖಚಿತ.

ಹೀಗೆ ಬ್ರಹ್ಮಗಿರಿಯಲ್ಲಿ ಒಂದೇ ನೆಲದ ಮೇಲೆ ಎರಡು ಬಗೆಯ ಕೈಗಳ ಸಾಕ್ಷ್ಯವಿದೆ. ಚಪಡನ ಹೆಸರು ಉಳಿದದ್ದು ಅವನು ಅಕ್ಷರ ಬಲ್ಲವನಾಗಿದ್ದುದರಿಂದ, ಅವನ ಕೆಲಸವು ಅರಸನ ಮಾತಿಗೆ ಅಂಟಿಕೊಂಡಿದ್ದುದರಿಂದ. ಅವನ ಕೈ ಕುಂಬಾರನ ಕೈಗಿಂತ ಹೆಚ್ಚು ನುರಿತದ್ದಾಗಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ.

೩

ಇನ್ನು ಹೆಸರು ಉಳಿದವರ ಪ್ರಸಂಗ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನಿರ್ಮಿಸಿದ ಸೂತ್ರಧಾರಿ ಗುಂಡನೆಂಬವನು ಅನಿವಾರಿತಾಚಾರಿ ಎಂಬ ಬಿರುದನ್ನು ಪಡೆದಿದ್ದನೆಂದು ಅಲ್ಲಿಯ ಶಾಸನ ಹೇಳುತ್ತದೆ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿದ ಚೆನ್ನಕೇಶವ ದೇವಾಲಯದ ಮದನಿಕಾ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳಿವೆ. ಮಲ್ಲಿತಮ್ಮನ ಹೆಸರು ಅಮೃತಾಪುರದಿಂದ ಮೊದಲುಗೊಂಡು ಹಾರನಹಳ್ಳಿ, ನುಗ್ಗೇಹಳ್ಳಿ, ಸೋಮನಾಥಪುರಗಳವರೆಗೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಕಾಣಿಸಿಕೊಳ್ಳುತ್ತದೆ. ೧೨೪೬ರ ನುಗ್ಗೇಹಳ್ಳಿಯ ದೇವಾಲಯದಲ್ಲಂತೂ ಒಂದು ಪಾರ್ಶ್ವದ ಶಿಲ್ಪಗಳು ಮಲ್ಲಿತಮ್ಮನವು, ಇನ್ನೊಂದು ಪಾರ್ಶ್ವದವು ಬೈಚೋಜನವು. ನೋಡುವವರು ಇಬ್ಬರ ಶೈಲಿಯನ್ನೂ ಹೋಲಿಸಬಹುದು.

ಈ ರೂವಾರಿಗಳು ಹೆಸರು ಕೊರೆದುದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಇವರು ಕೆಲಸವಿದ್ದ ಕಡೆಗೆ ಊರಿಂದೂರಿಗೆ ಹೋಗುತ್ತಿದ್ದವರು. ಇವರ ಕೀರ್ತಿಯೇ ಇವರ ಬಂಡವಾಳ. ಬೇಲೂರಿನ ರೂವಾರಿಗಳು ಪ್ರತಿಸ್ಪರ್ಧಿಗಳನ್ನು ಗೆದ್ದವರೆಂದು ತಮ್ಮನ್ನು ಹೊಗಳಿಕೊಂಡಿರುವುದು ಈ ಸ್ಪರ್ಧೆಯ ಗುರುತು. ಎರಡನೆಯದಾಗಿ, ಶಿಲ್ಪಿಗೂ ಶಾಸನದ ಅಕ್ಷರಕ್ಕೂ ಹತ್ತಿರದ ನಂಟಿತ್ತು. ಕೊರೆಯುವ ಉಳಿ ಒಂದೇ.

ಆದರೆ ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲೆ ಈ ಐವರನ್ನೂ ಪರಂಪರೆಯು ಪಂಚಾಳರೆಂದು ಒಂದೇ ಕುಲದವರನ್ನಾಗಿ ಎಣಿಸುತ್ತದೆ. ಐವರೂ ವಿಶ್ವಕರ್ಮನ ಸಂತತಿಯೆಂದು ಹೇಳಿಕೊಳ್ಳುತ್ತಾರೆ. ಗಂಗರ ಅನೇಕ ತಾಮ್ರಪಟಗಳ ಕೊನೆಗೆ ಅವನ್ನು ಬರೆದವನು ವಿಶ್ವಕರ್ಮಾಚಾರ್ಯನೆಂದು ಹೇಳಿದೆ. ಲೋಹದ ಮೇಲೆ ಅರಸನ ದಾನವನ್ನು ಕೊರೆದ ಕುಲದವನಿಗೆ ಅಲ್ಲಿ ಹೆಸರಿದೆ. ಅದೇ ಕುಲದವನು ಬಂಗಾರದಲ್ಲಿ ಒಡವೆ ಮಾಡಿದಾಗ ಹೆಸರಿಲ್ಲ. ಕುಲವಾಗಲಿ ಕೌಶಲವಾಗಲಿ ಈ ವ್ಯತ್ಯಾಸಕ್ಕೆ ಕಾರಣವಲ್ಲ. ವಸ್ತುವಿನ ಗತಿಯೂ ಒಡೆತನವೂ ಕಾರಣ.

೪

ಅಕ್ಕಸಾಲೆಯ ಕೆಲಸ ನಮ್ಮ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯ ಉತ್ಖನನ ಸಾಕ್ಷಿ. ೧೯೬೩-೬೪ರಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಈ ಉತ್ಖನನದಲ್ಲಿ ನವಶಿಲಾಯುಗದ ನೆಲೆಯಿಂದಲೇ ಚಿನ್ನದ ಆಭರಣಗಳು ದೊರೆತವು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಆಧುನಿಕ ಗಣಿ ಆರಂಭವಾಗುವುದಕ್ಕೆ ಬಹಳ ಹಿಂದೆಯೇ ಆಳವಾಗಿ ತೋಡಿದ ಪ್ರಾಚೀನ ಗಣಿಗಳಿದ್ದವು. ಬಂಗಾರವೂ ಇತ್ತು, ಅದನ್ನು ಬಲ್ಲವರೂ ಇದ್ದರು.

‘ಅಕ್ಕಸಾಲೆ’ ಎಂಬ ಪದವೇ ವಿಚಾರಾರ್ಹವಾದುದು. ಇದು ಸಂಸ್ಕೃತದ ‘ಅಕ್ಷಶಾಲಾ’ ಎಂಬುದರಿಂದ ಬಂದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಶಾಲೆಯೆಂದರೆ ಸುವರ್ಣಾಧ್ಯಕ್ಷನ ಮೇಲ್ವಿಚಾರಣೆಯಲ್ಲಿ ಚಿನ್ನ-ಬೆಳ್ಳಿಯ ಕೆಲಸ ನಡೆಯುವ ಸ್ಥಳ. ಅದಕ್ಕೆ ಒಂದೇ ಬಾಗಿಲು. ಒಳಗೆ ಹೋಗುವ, ಹೊರಗೆ ಬರುವ ಕೆಲಸಗಾರರನ್ನು ಶೋಧಿಸಬೇಕೆಂಬ ವಿಧಿ. ಕೆಲಸದ ಸ್ಥಳದ ಹೆಸರೇ ಕೆಲಸಗಾರನ ಹೆಸರಾದುದು ಇಲ್ಲಿಯ ವಿಶೇಷ. ಈ ವ್ಯವಸ್ಥೆಯಲ್ಲಿ ಲೆಕ್ಕಕ್ಕೆ ಬರುವುದು ತೂಕ ಮತ್ತು ಬಣ್ಣ. ಚಿನ್ನ ಕೊಟ್ಟವನದು, ಒಡವೆಯೂ ಅವನದೇ, ಒರೆಗಲ್ಲಿಗೆ ಹಚ್ಚುವುದು ಚಿನ್ನವನ್ನಷ್ಟೇ ಅಲ್ಲ, ಮಾಡಿದವನ ಪ್ರಾಮಾಣಿಕತೆಯನ್ನೂ. ಹೀಗೆ ಸಂಶಯದ ನಡುವೆ ಬಾಳಿದ ಕೈಗೆ ತನ್ನ ಹೆಸರನ್ನು ಇನ್ನೊಬ್ಬರ ಬಂಗಾರದ ಮೇಲೆ ಕೊರೆಯುವ ಸಲುಗೆ ಎಲ್ಲಿಂದ ಬಂದೀತು?

ಲಕ್ಕುಂಡಿಯ ಒಂದು ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಚಿನ್ನ ಮತ್ತು ರತ್ನಗಳ ೧,೫೦೦ ಜಿನಬಿಂಬಗಳನ್ನು ಮಾಡಿಸಿ ದಾನಮಾಡಿದಳೆಂದೂ, ಪೊನ್ನನ ಶಾಂತಿಪುರಾಣದ ೧,೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದೂ ಪ್ರಸಿದ್ಧಿಯಿದೆ. ಅವಳು ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ವಿಷಯ ೧೦೦೭ರ ಶಾಸನದಿಂದ ತಿಳಿಯುತ್ತದೆ. ದಾನಿಯ ಹೆಸರು ಉಳಿದಿದೆ. ಪೊನ್ನನ ಹೆಸರು ಉಳಿದಿದೆ. ಅವಳ ಆಶ್ರಯದಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನ ಹೆಸರೂ ಉಳಿದಿದೆ. ಆದರೆ ೧,೫೦೦ ಬಿಂಬಗಳನ್ನು ಎರಕ ಹೊಯ್ದವರು, ರತ್ನಗಳನ್ನು ಕೂರಿಸಿದವರು ಯಾರು? ಅಂತಹ ಸಂಖ್ಯೆಯ ಕೆಲಸಕ್ಕೆ ಹಲವು ಕುಲುಮೆಗಳು, ಹಲವು ಮನೆಗಳು, ಹಲವು ವರ್ಷಗಳ ದುಡಿಮೆ ಬೇಕು. ಮುಂದೆ ಇದೇ ಊರು ಲೊಕ್ಕಿ ಗದ್ಯಾಣವೆಂಬ ಚಿನ್ನದ ನಾಣ್ಯಕ್ಕೆ ತನ್ನ ಹೆಸರನ್ನು ಕೊಟ್ಟುದನ್ನು ನೋಡಿದರೆ, ಅಲ್ಲಿ ಚಿನ್ನದ ಕೆಲಸಗಾರರ ದೊಡ್ಡ ನೆಲೆಯೇ ಇದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಒಡವೆಯು ಉಳಿಯದಿರುವುದಕ್ಕೆ ಅದರ ಬೆಲೆಯೇ ಕಾರಣ. ಮಗಳ ಮದುವೆಗೆ ತಾಯಿಯ ಒಡವೆ ಕರಗುತ್ತದೆ; ಬರಗಾಲದಲ್ಲಿ ಮಾರಾಟವಾಗುತ್ತದೆ; ಯುದ್ಧದಲ್ಲಿ ಸುಲಿಗೆಯಾಗುತ್ತದೆ. ವಿಜಯನಗರದ ಬೀದಿಯಲ್ಲಿ ಮುತ್ತುರತ್ನಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ೧೪೪೩ರಲ್ಲಿ ಅಲ್ಲಿಗೆ ಬಂದ ಅಬ್ದುರ್ ರಜಾಕನು ಬರೆದಿದ್ದಾನೆ. ಮಹಾನವಮಿಯಲ್ಲಿ ಅಂತಃಪುರದ ಸ್ತ್ರೀಯರು ಒಡವೆಗಳ ಭಾರದಿಂದ ನಡೆಯಲಾರದೆ ಇನ್ನೊಬ್ಬರ ಆಸರೆ ಹಿಡಿಯುತ್ತಿದ್ದರೆಂದು ೧೫೨೦ರ ಸುಮಾರಿಗೆ ಬಂದಿದ್ದ ಡೊಮಿಂಗೋ ಪಾಯಿಸನು ವರ್ಣಿಸಿದ್ದಾನೆ. ೧೫೬೫ರ ಬಳಿಕ ಆ ಒಡವೆಗಳ ಬಹುಭಾಗ ಎಲ್ಲಿ ಹೋಯಿತೆಂಬುದಕ್ಕೆ ಉತ್ತರವಿಲ್ಲ.

ಆದ್ದರಿಂದ ಅಕ್ಕಸಾಲೆಯ ಚರಿತ್ರೆಗೆ ಮುಖ್ಯ ಆಕರ ರೂವಾರಿಯ ಶಿಲ್ಪವೇ. ಬೇಲೂರಿನ ಮದನಿಕೆಯ ಕೊರಳಹಾರ, ತೋಳಬಂದಿ, ಡಾಬು, ಕಾಲಂದುಗೆಗಳಲ್ಲಿ ಕೊಂಡಿ ಎಲ್ಲಿ ಸೇರುತ್ತದೆ, ಮಣಿ ಹೇಗೆ ಕೋದಿದೆ, ತೂಗು ಎಲ್ಲಿಂದ ಇಳಿಯುತ್ತದೆ ಎಂಬುದು ಸ್ಪಷ್ಟವಾಗಿದೆ. ಹೊಯ್ಸಳ ಶಿಲ್ಪವನ್ನು ಕಂಡು ಇದು ಕಲ್ಲುಕುಟಿಗನ ಕೆಲಸಕ್ಕಿಂತ ಅಕ್ಕಸಾಲೆಯ ಕೆಲಸದಂತಿದೆ ಎಂದು ಕಲಾವಿಮರ್ಶಕರು ಹೇಳಿರುವುದುಂಟು. ಕೆಲವರು ಇದನ್ನು ಆಕ್ಷೇಪವಾಗಿಯೇ ಹೇಳಿದ್ದಾರೆ. ನಾವಾದರೋ ಇದನ್ನು ಸಾಕ್ಷ್ಯವಾಗಿ ಎಣಿಸಬೇಕು. ರೂವಾರಿಯು ಕಲ್ಲಿನಲ್ಲಿ ಅನುಕರಿಸಲು ತೊಡಗಿದ ಒಂದು ಪ್ರೌಢ ಆಭರಣಕಲೆ ಅವನ ಕಣ್ಣಮುಂದೆ ಇತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

೫

ನೇಕಾರನ ವಿಷಯದಲ್ಲಿ ಸಾಕ್ಷ್ಯ ಇನ್ನೊಂದು ಬಗೆಯದು. ಬಟ್ಟೆ ಹರಿಯುತ್ತದೆ, ಜೀರ್ಣವಾಗುತ್ತದೆ. ಆದರೆ ಮಗ್ಗದ ಮೇಲಿನ ತೆರಿಗೆ ಶಾಸನದಲ್ಲಿ ಉಳಿಯುತ್ತದೆ. ಮಗ್ಗದೆರೆಯ ಉಲ್ಲೇಖವು ವಿಜಯನಗರದ ಕಾಲದ ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ. ಅರಸನ ದೃಷ್ಟಿಗೆ ಬಿದ್ದುದು ಮಗ್ಗಗಳ ಸಂಖ್ಯೆ; ಅದರ ಕುಣಿಯಲ್ಲಿ ಕಾಲಿಳಿಸಿ ಕುಳಿತವನಲ್ಲ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗ, ಭೂಷೋಪಭೋಗ ಎಂಬ ಪ್ರಕರಣಗಳಿವೆ. ಪ್ರಕರಣಗಳ ಹೆಸರೇ ಗ್ರಂಥಕಾರನ ನಿಲುವನ್ನು ಹೇಳುತ್ತದೆ: ಇದು ಉಡುವವನ, ತೊಡುವವನ ಕಡೆಯಿಂದ ಬರೆದ ಶಾಸ್ತ್ರ. ಅಲ್ಲಿ ಬಟ್ಟೆಗಳನ್ನು ಅವು ಬಂದ ದೇಶಗಳ ಹೆಸರಿನಿಂದ ಎಣಿಸಿದೆ. ಬಟ್ಟೆಗೆ ಊರಿನ ಹೆಸರಿದೆ, ನೆಯ್ದವನ ಹೆಸರಿಲ್ಲ. ಈ ರೂಢಿ ಇಂದಿಗೂ ಬದಲಾಗಿಲ್ಲ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಮೊಳಕಾಲ್ಮೂರು ಸೀರೆ, ನವಲಗುಂದದ ಜಮಖಾನ ಎಂದು ಹೇಳುವಾಗ ನಾವೂ ಸೋಮೇಶ್ವರನ ಪದ್ಧತಿಯನ್ನೇ ಅನುಸರಿಸುತ್ತಿದ್ದೇವೆ.

ಕುಂಬಾರನಿಗೂ ನೇಕಾರನಿಗೂ ಗ್ರಾಮಜೀವನದಲ್ಲಿ ಇದ್ದ ಸ್ಥಾನಭೇದವನ್ನು ಇಲ್ಲಿ ಸೂಚಿಸಬೇಕು. ಕುಂಬಾರನು ಕಮ್ಮಾರ, ಬಡಗಿ, ಅಗಸ ಮೊದಲಾದವರಂತೆ ಆಯಗಾರರಲ್ಲಿ ಒಬ್ಬನು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯದ ಪಾಲು ಬರುತ್ತಿತ್ತು. ಊರಿಗೆಲ್ಲ ಅವನು ಒಬ್ಬನೇ ಆದುದರಿಂದ ಮಡಕೆಯ ಮೇಲೆ ಹೆಸರು ಹಾಕುವ ಅಗತ್ಯವೇ ಬೀಳಲಿಲ್ಲ. ಮಡಕೆ ಯಾರದೆಂದು ಎಲ್ಲರಿಗೂ ಗೊತ್ತು. ನೇಕಾರನು ಸಾಮಾನ್ಯವಾಗಿ ಆಯಗಾರನಲ್ಲ. ಅವನ ಬಟ್ಟೆ ಸಂತೆಗೆ, ವರ್ತಕನ ಕೈಗೆ, ದೂರದ ಊರಿಗೆ ಹೋಗುತ್ತಿತ್ತು. ಅಲ್ಲಿ ಅವನನ್ನು ಬಲ್ಲವರಿಲ್ಲ. ಒಬ್ಬನ ಅನಾಮಧೇಯತೆ ಅತಿಪರಿಚಯದಿಂದ ಬಂದುದು, ಇನ್ನೊಬ್ಬನದು ಅಪರಿಚಯದಿಂದ ಬಂದುದು. ಹೊರಗಿನಿಂದ ಎರಡೂ ಒಂದೇ ಆಗಿ ಕಂಡರೂ ಚರಿತ್ರಕಾರನು ಇವನ್ನು ಬೇರ್ಪಡಿಸಿ ನೋಡಬೇಕು.

ಈ ವೃತ್ತಿಯವರ ಧ್ವನಿ ಸಂಪೂರ್ಣವಾಗಿ ಅಡಗಿಹೋಗಿಲ್ಲವೆಂಬುದು ನಮ್ಮ ಭಾಷೆಯ ಭಾಗ್ಯ. ಜೇಡರ ದಾಸಿಮಯ್ಯನು ನೇಕಾರನು. ಮುದನೂರು ಅವನ ಊರೆಂದು ಸಂಪ್ರದಾಯ. ಕುಂಬಾರ ಗುಂಡಯ್ಯನನ್ನು ಕುರಿತು ಹರಿಹರನು ರಗಳೆಯನ್ನೇ ರಚಿಸಿ, ಮಡಕೆ ತಟ್ಟುವ ಸದ್ದಿಗೆ ಶಿವನು ಕುಣಿದನೆಂಬ ಕಥೆಯನ್ನು ಕಾವ್ಯವಾಗಿಸಿದ್ದಾನೆ. ದಾಸಿಮಯ್ಯನ ವಚನಗಳಿಗೆ ‘ರಾಮನಾಥ’ ಎಂಬುದು ಅಂಕಿತ. ತನ್ನ ಮಾತಿಗೂ ತನ್ನ ಹೆಸರನ್ನಿಡದೆ ಇಷ್ಟದೇವತೆಯ ಹೆಸರನ್ನಿಟ್ಟ ಈ ಪದ್ಧತಿ ಬಹುಪಾಲು ವಚನಕಾರರದು. ಹೆಸರನ್ನು ಮುಂದಿಡದಿರುವುದು ಯಾವಾಗಲೂ ಕಸಿದುಕೊಂಡದ್ದರ ಗುರುತಲ್ಲ, ಕೆಲವೊಮ್ಮೆ ಆಯ್ದುಕೊಂಡ ನಡತೆಯೂ ಆಗಿರಬಹುದೆಂಬ ಎಚ್ಚರಿಕೆಯನ್ನು ಇದು ನಮಗೆ ಕೊಡುತ್ತದೆ.

೬

ಕರ್ತೃನಾಮದ ಪ್ರಶ್ನೆಗೆ ಇನ್ನೊಂದು ಮುಖವಿದೆ. ಈ ವಸ್ತುಗಳನ್ನು ಮಾಡಿದವರು ಒಬ್ಬರೇ ಎಂದು ಭಾವಿಸುವುದೇ ಸರಿಯಲ್ಲ. ಇದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು ಇಳಕಲ್ಲ ಸೀರೆ. ಇದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಮಗ್ಗದ ಮೇಲೆ ಒಂದರೊಳಗೊಂದು ಕುಣಿಕೆಯಾಗಿ ಸೇರಿಸುವ ವಿಧಾನಕ್ಕೆ ಕೊಂಡಿ ಎಂದು ಹೆಸರು. ಇದರಿಂದಲೇ ಹತ್ತಿಯ ಒಡಲಿಗೆ ರೇಷ್ಮೆಯ ಕೆಂಪು ಸೆರಗು ಹೊಲಿಗೆಯಿಲ್ಲದೆ ಸೇರುತ್ತದೆ. ತೋಪು ತೆನಿ ಎಂಬ ಬಿಳಿಯ ವಿನ್ಯಾಸ ಈ ಸೆರಗಿನಲ್ಲಿ ಮೂಡುತ್ತದೆ. ಚಿಕ್ಕಿ, ಗೋಮಿ, ಗಾಡಿದಡಿ ಎಂದು ದಡಿಗಳಿಗೆ ಹೆಸರುಗಳುಂಟು. ಆದರೆ ಲಾಳಿ ಓಡುವುದಕ್ಕೆ ಮುಂಚೆ ನೂಲಿಗೆ ಬಣ್ಣ ಕಟ್ಟಬೇಕು, ಗಂಜಿ ಹಾಕಬೇಕು, ಹಾಸು ಹೂಡಬೇಕು, ಹಣಿಗೆಯಲ್ಲಿ ಎಳೆ ಪೋಣಿಸಬೇಕು, ಕಂಡಿಕೆ ಸುತ್ತಬೇಕು. ಇವುಗಳಲ್ಲಿ ಬಹಳಷ್ಟು ಮನೆಯ ಹೆಂಗಸರ, ಮುದುಕರ ಕೆಲಸ. ಮಗ್ಗದ ಮೇಲೆ ಕುಳಿತವನ ಹೆಸರನ್ನು ಮಾತ್ರ ಸೀರೆಗೆ ಕೊಟ್ಟರೆ ಮನೆಮಂದಿಯ ಹೆಸರನ್ನು ಅಳಿಸಿದಂತಾಗುತ್ತದೆ.

ಎರಡನೆಯದು ಬೀದರಿನ ಬಿದರಿ ಕೆಲಸ. ಬಹಮನಿ ರಾಜಧಾನಿ ಹದಿನೈದನೆಯ ಶತಮಾನದಲ್ಲಿ ಕಲಬುರ್ಗಿಯಿಂದ ಬೀದರಿಗೆ ಬಂದ ಬಳಿಕ ಅಲ್ಲಿ ನೆಲೆನಿಂತ ಕಲೆಯಿದೆಂದು ಪರಂಪರೆ ಹೇಳುತ್ತದೆ. ಸತುವಿಗೆ ಅಲ್ಪ ಪ್ರಮಾಣದ ತಾಮ್ರವನ್ನು ಬೆರೆಸಿ ಎರಕ ಹೊಯ್ಯುವವನು ಒಬ್ಬ. ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪುಮಾಡಿದ ಮೈಮೇಲೆ ವಿನ್ಯಾಸ ಕೊರೆಯುವವನು ಮತ್ತೊಬ್ಬ. ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸುವವನು ಇನ್ನೊಬ್ಬ. ಕೊನೆಗೆ ಹಳೆಯ ಕೋಟೆಯೊಳಗಿನ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿಮಾಡಿದ ವಸ್ತುವಿಗೆ ಲೇಪಿಸಿದರೆ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬಿಸಿಲುಮಳೆ ತಾಕದ ಎಡೆಯ ಮಣ್ಣೇ ಬೇಕು. ಅದು ತಕ್ಕುದೋ ಅಲ್ಲವೋ ಎಂಬುದನ್ನು ನಾಲಿಗೆಗೆ ಮುಟ್ಟಿಸಿ ಪರೀಕ್ಷಿಸುವ ರೂಢಿಯಿದೆ. ಆ ರುಚಿಯ ತಿಳಿವು ಯಾವ ಗ್ರಂಥದಲ್ಲಿಯೂ ಇಲ್ಲ. ತಂದೆಯಿಂದ ಮಗನಿಗೆ ಬಂದುದು.

ಮೂರನೆಯದು ಧಾರವಾಡ ಸೀಮೆಯ ಕಸೂತಿ. ಇದು ಮೂಲತಃ ಮಾರಾಟದ ವಸ್ತುವಲ್ಲ. ಮನೆಯ ಹೆಂಗಸರು ತಮಗಾಗಿ, ಮಗಳ ಮದುವೆಗಾಗಿ ಹಾಕುತ್ತಿದ್ದುದು. ನೀಲಿಯಲ್ಲಿ ಅದ್ದಿ ಕಪ್ಪಾಗಿಸಿದ ಚಂದ್ರಕಾಳಿ ಸೀರೆಯ ಮೇಲೆ ಇದು ವಿಶೇಷವಾಗಿ ಶೋಭಿಸುತ್ತಿತ್ತು. ಗಾವಂತಿ, ಮುರ್ಗಿ, ನೇಗಿ, ಮೆಂಥಿ ಎಂದು ಹೊಲಿಗೆಗಳು ನಾಲ್ಕು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸುತ್ತ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿಯಲ್ಲಿ ಹೋದ ದಾರಿಯಲ್ಲೇ ಮರಳಿ ಬಂದು ತೆರಪುಗಳನ್ನು ತುಂಬಿದಾಗ ಬಟ್ಟೆಯ ಎರಡು ಮುಖಗಳೂ ಒಂದೇ ಆಗಿ ಕಾಣುತ್ತವೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ಪಲ್ಲಕ್ಕಿಗಳನ್ನು ಹೀಗೆ ಎಣಿಕೆಯಿಂದ ಮೂಡಿಸುವುದಕ್ಕೆ ಒಂದು ಬಗೆಯ ಗಣಿತವೇ ಬೇಕು. ದೇವಾಲಯದ ಗೋಪುರವನ್ನು ಕಟ್ಟಿದ ಸೂತ್ರಧಾರಿಯ ಹೆಸರನ್ನು ಶಾಸನ ಹೇಳುತ್ತದೆ. ಅದೇ ಗೋಪುರವನ್ನು ಸೆರಗಿಗೆ ತಂದವಳ ಹೆಸರನ್ನು ಅವಳ ಮೊಮ್ಮಗಳೂ ಹೇಳಲಾರಳು. ಕರ್ತೃನಾಮದ ನಷ್ಟ ಎಲ್ಲಕ್ಕಿಂತ ಹೆಚ್ಚಾಗಿ ಆಗಿರುವುದು ಇಲ್ಲಿ.

೭

ಆಧುನಿಕ ಕಾಲಕ್ಕೆ ಬಂದರೆ, ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನ ವರದಿ ನಮಗೆ ದೊರೆಯುವ ಅಮೂಲ್ಯ ಆಕರ. ಬೆಂಗಳೂರಿನ ಪಟ್ಟವೇಗಾರರು, ಖತ್ರಿಗಳು, ದೇವಾಂಗರು ಮೊದಲಾದ ನೇಯುವ ಪಂಗಡಗಳನ್ನೂ, ಮತ್ತೋಡಿನ ಗಾಜಿನ ಬಳೆಯ ಕುಲುಮೆಗಳನ್ನೂ ಅವನು ವಿವರಿಸಿದ್ದಾನೆ. ಪಂಗಡಗಳ ಹೆಸರು ಅವನಲ್ಲಿ ಉಂಟು, ವ್ಯಕ್ತಿಗಳ ಹೆಸರು ಅಪರೂಪ. ಆ ಶತಮಾನದಲ್ಲಿ ಗಿರಣಿಯ ನೂಲೂ ಬಟ್ಟೆಯೂ ಬಂದುವು. ಅದರ ಕೊನೆಗೆ ಕೃತಕ ನೀಲಿ ಬಂದು ಸಸ್ಯದ ನೀಲಿಯನ್ನು ಹೊರದೂಡಿತು. ಮತ್ತೋಡಿನ ಕುಲುಮೆಗಳು ಆರಿಹೋದುವು. ಕುಲುಮೆಯೊಂದಿಗೆ ಅದರ ಮಾತುಗಳೂ ಹೋದುವು.

ಸ್ವಾತಂತ್ರ್ಯಾನಂತರ ಈ ಕಸುಬುಗಳಿಗೆ ಮನ್ನಣೆ ದೊರಕಿಸಲು ಪ್ರಯತ್ನಗಳು ನಡೆದಿವೆ. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿ ಸ್ಥಾಪಿತವಾಯಿತು. ಅದನ್ನು ಮುನ್ನಡೆಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನಲ್ಲಿ ಹುಟ್ಟಿದವರು. ೧೯೬೫ರಿಂದ ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿಗಳು ಬಂದುವು. ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಬಿದರಿ, ಇಳಕಲ್ಲ ಸೀರೆ, ಕಸೂತಿ, ಗುಳೇದಗುಡ್ಡದ ಖಣ, ಮೊಳಕಾಲ್ಮೂರು ಸೀರೆ, ಸಂಡೂರಿನ ಲಂಬಾಣಿ ಕಸೂತಿ ಮೊದಲಾದುವು ನೋಂದಣಿಯಾಗಿವೆ. ೨೦೨೩ರಲ್ಲಿ ಬಿದರಿ ಕಲಾವಿದರಾದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಹೆಸರುಳ್ಳ ಬಿದರಿ ಕಲಾವಿದರೊಬ್ಬರು ದೇಶದ ಮುಂದೆ ನಿಂತುದು ಸಂತೋಷದ ವಿಷಯ.

ಆದರೆ ಈ ಎರಡು ಏರ್ಪಾಡುಗಳ ಮಿತಿಯನ್ನೂ ತಿಳಿದಿರಬೇಕು. ಭೌಗೋಳಿಕ ಸೂಚಕವು ಕಾಪಾಡುವುದು ಊರಿನ ಹೆಸರನ್ನು. ಅದು ಮಾನಸೋಲ್ಲಾಸದ ಪದ್ಧತಿಗೆ ಕಾನೂನಿನ ಬಲ ಸೇರಿಸಿದಂತೆ. ಪ್ರಶಸ್ತಿಯು ಎತ್ತಿಹಿಡಿಯುವುದು ಒಬ್ಬರ ಹೆಸರನ್ನು. ಅದು ರೂವಾರಿಯ ಪದ್ಧತಿಯ ಮುಂದುವರಿಕೆ. ಕಂಡಿಕೆ ಸುತ್ತಿದವಳು, ಎರಕ ಹೊಯ್ದವನು, ಮಣ್ಣಿನ ರುಚಿ ನೋಡಿದವನು ಇವರು ಎರಡರ ನಡುವಿನ ತೆರಪಿನಲ್ಲಿ ಜಾರಿಹೋಗುತ್ತಾರೆ. ಕೂಲಿ ಸಾಲದೆ ಇವರ ಮಕ್ಕಳು ಬೇರೆ ಕೆಲಸ ಹಿಡಿದಾಗ ಊರಿನ ಹೆಸರು ಕಾಗದದಲ್ಲಿ ಉಳಿದರೂ ವಿದ್ಯೆ ಉಳಿಯದು.

೮

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೇಳಬಹುದು. ಕನ್ನಡನಾಡಿನಲ್ಲಿ ಕರ್ತೃವಿನ ಹೆಸರು ಉಳಿದುದು ವಸ್ತು ಬಾಳಿಕೆಯದಾಗಿದ್ದಾಗ, ಅದು ಸ್ಥಾವರವಾಗಿದ್ದಾಗ, ಅಕ್ಷರದ ನಂಟು ಇದ್ದಾಗ ಮತ್ತು ಕೀರ್ತಿಗಾಗಿ ಸ್ಪರ್ಧೆ ಇದ್ದಾಗ. ಮಡಕೆ ಒಡೆಯಿತು, ಒಡವೆ ಕರಗಿತು, ಬಟ್ಟೆ ಹರಿಯಿತು. ಮಾಡಿದವರು ಹಲವರು, ಒಡೆಯನು ಬೇರೆಯವನು. ಹೆಸರಿನ ಅಭಾವಕ್ಕೆ ಈ ಸನ್ನಿವೇಶಗಳು ಕಾರಣವಾದುವೇ ಹೊರತು ಪ್ರತಿಭೆಯ ಅಭಾವವಲ್ಲ. ಆದ್ದರಿಂದ ಕಲಾವಿದ, ಕುಶಲಕರ್ಮಿ ಎಂಬ ಭೇದವನ್ನು ಹೆಸರಿನ ಆಧಾರದ ಮೇಲೆ ನಿಲ್ಲಿಸುವುದು ಚರಿತ್ರೆಯ ದೃಷ್ಟಿಯಿಂದ ಸಾಧುವಲ್ಲ.

ಕಳೆದುಹೋದ ಹೆಸರುಗಳನ್ನು ಮರಳಿ ತರುವುದು ನಮ್ಮಿಂದಾಗದು. ಆದರೆ ಕಾಲ ಮೀರದಿರುವ ಮೂರು ಕೆಲಸಗಳಿವೆ. ಒಂದು, ವೃತ್ತಿಪದಗಳ ಸಂಗ್ರಹ: ತಿಗುರಿ, ಆವಿಗೆ, ಹಣಿಗೆ, ಕೊಂಡಿಗಳಂತಹ ಮಾತುಗಳನ್ನು ಆಯಾ ಊರಿನ ಉಚ್ಚಾರಣೆಯಲ್ಲಿ, ಆಯಾ ಕ್ರಿಯೆಯ ವಿವರಣೆಯೊಡನೆ ಬರೆದಿಡಬೇಕು. ಎರಡು, ವಸ್ತುಸಂಗ್ರಹಾಲಯಗಳೂ ಕಾಲೇಜುಗಳೂ ಒಂದು ಸೀರೆಯನ್ನೋ ಮಡಕೆಯನ್ನೋ ಪಡೆದಾಗ ಊರು, ಕಾಲಗಳ ಜೊತೆಗೆ, ಅದರ ಒಂದೊಂದು ಹಂತದಲ್ಲಿ ಕೈಯಿಟ್ಟವರೆಲ್ಲರ ಹೆಸರನ್ನು ಅವರ ಒಪ್ಪಿಗೆಯಿಂದ ದಾಖಲಿಸಬೇಕು. ಮೂರು, ಶಿಲ್ಪಗಳ ಆಭರಣಗಳನ್ನು ಅಧ್ಯಯನ ಮಾಡುವವರು ಅನುಭವಿಯಾದ ಒಬ್ಬ ಅಕ್ಕಸಾಲೆಯನ್ನು ಜೊತೆಗೆ ಕರೆದೊಯ್ಯಬೇಕು. ನಮಗೆ ಅಲಂಕಾರವಾಗಿ ಕಾಣುವುದು ಅವರಿಗೆ ಕೆಲಸದ ಕ್ರಮವಾಗಿ ಕಾಣುತ್ತದೆ.

ಇವು ದೊಡ್ಡ ಧನಸಹಾಯವನ್ನು ಬೇಡುವ ಕೆಲಸಗಳಲ್ಲ. ಒಬ್ಬೊಬ್ಬ ವಿದ್ಯಾರ್ಥಿಯು ತನ್ನ ಊರಿನ ಒಂದು ಮಗ್ಗವನ್ನು, ಒಂದು ಆವಿಗೆಯನ್ನು, ಒಂದು ಕುಲುಮೆಯನ್ನು ಆರಿಸಿಕೊಂಡರೂ ಕೆಲವೇ ವರ್ಷಗಳಲ್ಲಿ ಜಿಲ್ಲೆಗೊಂದು ಸಂಗ್ರಹ ಸಿದ್ಧವಾದೀತು. ಆ ಕೆಲಸವನ್ನು ಕೈಗೊಳ್ಳುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ಲೇಖನವು ಕಿಂಚಿತ್ತಾದರೂ ನೆರವಾದರೆ ನಮ್ಮ ಶ್ರಮ ಸಾರ್ಥಕವೆಂದು ಭಾವಿಸುತ್ತೇವೆ.